ರುಮಾಲಿಗೆ ಹಾಕಿದ ಮಣೆ

ಮೊನ್ನೆ ಮಿರಜದ ಔಷಧದಂಗಡಿಯೊಂದರಲ್ಲಿ ಯಾರೋ ಸೀಸೆಯ ಬಿರಡೆ ತೆಗೆದರು. ಮದ್ಯಸಾರದಲ್ಲಿ ನೆನೆದ ಬೇರಿನ ಕಹಿ ವಾಸನೆ ಮೂಗಿಗೆ ತಾಕಿದ್ದೇ ತಡ, ಸಾಂಗಲಿಯ ನಮ್ಮ ಪಕ್ಕದ ಮನೆಯ, ನಾನು ಚಿಕ್ಕಮ್ಮನೆಂಬಂತೆ ಮಾವಶಿ ಎಂದು ಕರೆಯುತ್ತಿದ್ದ ಹಿರಿಯಾಕೆ ಕಣ್ಣೆದುರು ಬಂದು ನಿಂತರು...

ಅವರಿಗೆ ಕಂಪವಾತ. ಬಲಗೈ ಸದಾ ನಡುಗುತ್ತಿತ್ತು, ನಡಿಗೆ ಕುಗ್ಗಿತ್ತು. ನಾನು ಪುಣೆಯಲ್ಲಿ ಓದುತ್ತಿದ್ದಾಗ ಮಿರಜದ ಡಾಕ್ಟರರೊಬ್ಬರು ಈ ರೋಗದ ಮೇಲೆ ಬೆಲಡೋನಾ ಬೇರಿನ ಔಷಧವನ್ನು ಪರೀಕ್ಷಿಸಲು ಹೊರಟು, ಮೊದಲು ಮಾವಶಿಗೆ ಕೊಟ್ಟರು. ಗುಣ ಕಂಡರೆ ಹತ್ತಿರದ ಹಳ್ಳಿ ಸಮಡೋಳಿಯ ರೋಗಿಗಳಿಗೂ ಕೊಡುವುದೆಂದು ನಿಶ್ಚಯವಾಗಿತ್ತು. ವಾರಕ್ಕೊಮ್ಮೆ ಬಂದು, ನಡುಕ ಎಷ್ಟಿದೆಯೆಂದು ನೋಡಲು ಒಂದು ಲೋಟದ ನೀರನ್ನು ಇನ್ನೊಂದಕ್ಕೆ ಸುರಿಯಲು ಹೇಳುವರು. "ಹೆಂಗದೀರಿ ಆಯೀ?" ಎಂದು ಕೇಳುವರು.

"ಅರಾಮ ಅದೀನ್ರಿ ಸಾಹೇಬ್ರ. ನಿಮ್ಮ ಕೈಗುಣ!" ಪ್ರತಿವಾರ ಇದೇ ಉತ್ತರ.

ನಡುಕ ತಗ್ಗಿದ್ದೇನೋ ನಿಜ. ಆದರೆ ರಜೆಗೆ ಬಂದ ನಾನು ಕಂಡದ್ದು ಬೇರೆ. ಬಾಯಿ ಒಣಗಿ ರೊಟ್ಟಿಯ ತುತ್ತು ಇಳಿಯುತ್ತಿರಲಿಲ್ಲ. ಕಣ್ಣು ಮಂಜಾಗಿ, ಒಂದು ಸಂಜೆ ಗೂಟಕ್ಕೆ ತೂಗುಹಾಕಿದ್ದ ತಲೆಯ ರುಮಾಲನ್ನು ಅತಿಥಿಯೆಂದೇ ಭ್ರಮಿಸಿ, ಮಣೆ ಹಾಕಿ, "ಬರ್ರಿ, ಕುಂದ್ರಿ" ಎಂದುಬಿಟ್ಟರು.

ನನಗೆ ಪಿತ್ತ ನೆತ್ತಿಗೇರಿತು. "ಡಾಕ್ಟರಿಗೆ ಯಾಕ ಹೇಳಿಲ್ರಿ ಮಾವಶಿ?"

"ಮನೀತನಕ ಬಂದವರಿಗೆ, ನಿಮ್ಮ ಔಷಧ ತ್ರಾಸ ಕೊಡ್ತದ ಅಂತ ಹೆಂಗ ಅನ್ನಲೋ? ಕಹಿ ಮಾತ ಕೊಟ್ಟ ಕಳಸೂದ?"

"ನಿಮ್ಮ ಮಾತ ನಂಬಿ ನಾಳೆ ಸಮಡೋಳಿಯವರಿಗೂ ಕುಡಸ್ತಾರ. ಅವರ ಮನ್ಯಾಗೂ ರುಮಾಲ ಇರ್ತಾವ್ರಿ."

ಮಾವಶಿ ಗೂಟದ ರುಮಾಲನ್ನು ತೆಗೆದು ಮಡಿಚಿಟ್ಟರು.

ಮುಂದಿನ ವಾರ ನಾನು ಡಾಕ್ಟರರಿಂದ ಜವಾಬು ಕೇಳಲು ಸಿದ್ಧನಾಗಿ ನಿಂತಿದ್ದೆ. ಗುಣವನ್ನಷ್ಟೇ ಕೇಳುವವರು ಬಾಧೆಯನ್ನೇಕೆ ಕೇಳುವುದಿಲ್ಲ? ರೋಗಿಯ ಸಂಕೋಚವನ್ನು ಗುಣವೆಂದು ಎಣಿಸಿದರೆ ಹೊಣೆ ಯಾರದು? ನಾನು ಬಾಯಿ ತೆರೆಯುವ ಮೊದಲೇ ಮಾವಶಿ ಕೈಯೆತ್ತಿ ತಡೆದರು.

"ಮೊದಲ ಚಾ ಕುಡೀರಿ ಸಾಹೇಬ್ರ. ಸಿಟ್ಟಾಗಬ್ಯಾಡ್ರಿ. ಕೈ ನೆಟ್ಟಗಾತು, ಖರೆ. ಆದ್ರ ಬಾಯಿ ಒಣಗ್ತದ, ಕಣ್ಣ ಮಂಜ ಆಗ್ತಾವ. ಮೊನ್ನಿ ರುಮಾಲಿಗೆ ಮಣಿ ಹಾಕೇನಿ. ಅದಕ್ಕೂ ಚಾ ಮಾಡಾಕಿದ್ದೆ!"

ಡಾಕ್ಟರರು ಮೊದಲು ನಕ್ಕರು. ಆಮೇಲೆ ಔಷಧವನ್ನು ಅರ್ಧಕ್ಕಿಳಿಸಿದರು, ಸಮಡೋಳಿಗೆ ಕಳಿಸಲಿದ್ದ ಸೀಸೆಗಳನ್ನು ತಡೆದರು. ಅಂದಿನಿಂದ ಅವರ ಮೊದಲ ಪ್ರಶ್ನೆಯೇ ಬದಲಾಯಿತು: "ಏನ ತ್ರಾಸ ಅದ ಆಯೀ?"

ಕೈ ಮತ್ತೆ ನಡುಗತೊಡಗಿತು. "ನಡಗಲಿ ಬಿಡೋ, ಉಪ್ಪಿನಕಾಯಿ ಮತ್ತ ರುಚಿ ಹತ್ತತದ" ಎಂದು ಮಾವಶಿ ತೃಪ್ತಿಯಿಂದ ಬೆರಳು ಚೀಪಿದರು.

ಮಾವಶಿ ತೀರಿಕೊಂಡು ವರ್ಷವಾಯಿತು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ನಿನ್ನೆ ಸಮಡೋಳಿಗೆ ಹೋಗಿದ್ದೆ. ಸಂತೆಯಲ್ಲಿ ಕೈ ನಡುಗುವ ಮುದುಕನೊಬ್ಬ ಬದನೆಕಾಯಿ ಆರಿಸುತ್ತಿದ್ದ. ಕಣ್ಣು ಮಾತ್ರ ಚುರುಕು: ಒಂದೊಂದನ್ನೂ ತಿರುಗಿಸಿ ನೋಡಿ, ಹುಳುಕಿದ್ದುದನ್ನು ಮಾರುವವಳಿಗೇ ತೋರಿಸಿ ಗದರುತ್ತಿದ್ದ. ಇದನ್ನು ಮಾವಶಿಗೆ ಹೇಳಬೇಕೆಂದು ಅವಸರದಿಂದ ಊರಿಗೆ ಬಂದೆ. ಅವರ ಹೊಸ್ತಿಲ ಮುಂದೆ ನಿಂತಾಗಲೇ ನೆನಪಾದದ್ದು...