ಸ್ಪ್ಯಾನರಿಗೆ ತೋರಿಸದ ಕೋಪ

ಇಂಜಿನ್ನಿನ ಯಾವ ಪೈಪಿನ ಫಿಟ್ಟಿಂಗ್ ಬಿಗಿದರೂ ಮೇದಪ್ಪಣ್ಣ ಅದರ ಮೇಲೆ ಒಂದು ಬಿಳಿ ಗೆರೆ ಎಳೆಯುತ್ತಿದ್ದರು. ಗೆರೆ ಲೋಹದ ಮೇಲೆ ಹೊರಟು ಹೋಸ್ ಪೈಪಿನ ರಬ್ಬರಿನ ಮೇಲೆ ಮುಗಿಯಬೇಕು. ಫಿಟ್ಟಿಂಗ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. "ಗೆರೆ ತಪ್ಪಿದ್ರೆ ನನ್ನ ಕೆನ್ನೆಗೆ ಹೊಡೀರಿ. ಗೆರೆ ಸರಿ ಉಂಟಾ, ಮತ್ತೆ ನನ್ನ ಹತ್ರ ಬರ್ಬೇಡಿ" ಎನ್ನುವುದು ಅವರ ಮಾತು. ಬಣ್ಣದ ಡಬ್ಬಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಅವರು ಐವರ್ನಾಡಿನ ಗೌಡರು. ಕುಳ್ಳು ಆಳು, ದಪ್ಪ ಕುತ್ತಿಗೆ, ವರ್ಷವಿಡೀ ಖಾಕಿ ಚಡ್ಡಿ. ಯುದ್ಧಕಾಲದಲ್ಲಿ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದು, ಊರಿಗೆ ಮರಳಿ ಪುತ್ತೂರಿನ ಒಬ್ಬ ಬಸ್ಸು ಧಣಿಯ ಬಳಿ ಕೆಲಸಕ್ಕೆ ಸೇರಿದ್ದರು. ನಾನು ಆಗ ಮಂಗಳೂರಿನ ಪತ್ರಿಕೆಯೊಂದಕ್ಕೆ ಪುತ್ತೂರಿನಿಂದ ಸುದ್ದಿ ಕಳಿಸುತ್ತಿದ್ದೆ. ಬಸ್ಸುಗಳ ಸುದ್ದಿಗೆಂದು ಅವರ ಬಳಿ ಹೋದವನು, ಆಮೇಲೆ ಸುದ್ದಿ ಇಲ್ಲದಿದ್ದರೂ ಹೋಗುತ್ತಿದ್ದೆ.

ಐವತ್ತರ ದಶಕದ ಒಂದು ಬೇಸಿಗೆಯಲ್ಲಿ ಸುಳ್ಯಕ್ಕೆ ಹೋಗುತ್ತಿದ್ದ ಧಣಿಯ ಹೊಸ ಬಸ್ಸು ಜಾಲ್ಸೂರಿನ ಸಮೀಪದ ಏರಿನಲ್ಲಿ ನಿಂತಿತು. ಎಣ್ಣೆ ಸಿಗದೆ ಇಂಜಿನ್ನು ಒಳಗೊಳಗೇ ಕಚ್ಚಿಕೊಂಡು ಹಾಳಾಗಿತ್ತು. ಎಣ್ಣೆಯ ಪೈಪು ಬಿಚ್ಚುವಾಗ ನಾನು ಅಲ್ಲಿದ್ದೆ. ಒಳಗೆ ಹಲಸಿನ ಮೇಣದ ಉಂಡೆ ಸಿಕ್ಕಿತು. ನಮ್ಮ ಕಡೆ ಸೋರುವ ಕೊಡಕ್ಕೂ ಬಿರುಕು ಬಿಟ್ಟ ಮರದ ಮರಿಗೆಗೂ ಹಲಸಿನ ಮೇಣವೇ ಮದ್ದು. ಬಸ್ಸು ಓಡಿಸುತ್ತಿದ್ದವನು ಧಣಿಯ ಹೆಂಡತಿಯ ತಮ್ಮ. ಫಿಟ್ಟಿಂಗಿನ ಬುಡದಲ್ಲಿ ಎಣ್ಣೆಯ ಪಸೆ ಕಂಡು, ಅದನ್ನು ಬಿಚ್ಚಿ, ಮೇಣ ಮೆತ್ತಿ ಮತ್ತೆ ಬಿಗಿದಿದ್ದ. ಬಿಸಿ ಎಣ್ಣೆಯಲ್ಲಿ ಮೇಣ ಕರಗಿ ಮುಂದೆ ಹೋಗಿ ಎಣ್ಣೆಯ ದಾರಿಯನ್ನೇ ಮುಚ್ಚಿತು. ತುಂಡಾದ ಬಿಳಿ ಗೆರೆಯನ್ನು ಅವನು ಸೀಮೆಎಣ್ಣೆಯಲ್ಲಿ ಒರೆಸಿಹಾಕಿದ್ದ.

ಧಣಿಗೆ ಇದೆಲ್ಲ ಗೊತ್ತಿತ್ತು. ಆದರೂ ಮರುದಿನ ಬಸ್‌ಸ್ಟ್ಯಾಂಡಿನಲ್ಲಿ, ತುಂಬಿದ ಜನರ ಎದುರು, ಮೇದಪ್ಪಣ್ಣನ ಸ್ಪ್ಯಾನರ್ ಪೆಟ್ಟಿಗೆಯನ್ನು ರಸ್ತೆಗೆ ಎಸೆದ. "ಪೈಪು ಲೂಸು ಬಿಟ್ಟವ ಇವನೇ! ವಿಮಾನ ರಿಪೇರಿ ಮಾಡಿದವನಂತೆ. ಎಷ್ಟು ವಿಮಾನ ಬೀಳಿಸಿ ಬಂದಿದ್ದಾನೆ, ಕೇಳಿ ಅವನ ಹತ್ರ!"

ಜನ ನಕ್ಕರು. ಮೇದಪ್ಪಣ್ಣ ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಸ್ಪ್ಯಾನರುಗಳನ್ನು ಒಂದೊಂದಾಗಿ ಹೆಕ್ಕಿ, ಚಡ್ಡಿಗೆ ಒರೆಸಿ ಪೆಟ್ಟಿಗೆಗೆ ಹಾಕಿದರು. ಎದ್ದು ನಿಂತು ಹೇಳಿದ್ದು ಇಷ್ಟೇ: "ಧಣಿಗಳೇ, ಈ ಮಾತನ್ನು ಇದೇ ಜಾಗದಲ್ಲಿ ನಿಮ್ಮ ಬಾಯಿಂದಲೇ ವಾಪಸ್ ತೆಗೆಸ್ತೇನೆ."

ಪುತ್ತೂರಿನಲ್ಲಿ ಮತ್ತೆ ಯಾರೂ ಅವರಿಗೆ ಕೆಲಸ ಕೊಡಲಿಲ್ಲ. ಲೂಸು ಬಿಡುವ ಫಿಟ್ಟರ್ ಎಂಬ ಹೆಸರು ಅವರಿಗಿಂತ ಮೊದಲೇ ಎಲ್ಲ ಗ್ಯಾರೇಜುಗಳ ಬಾಗಿಲು ತಲುಪಿತ್ತು. ಅವರು ಕೊಯಿಲದಲ್ಲಿ ಒಂದು ಮುಳಿಹುಲ್ಲಿನ ಕೊಟ್ಟಿಗೆ ಹಿಡಿದರು. ಹೊಟ್ಟೆಪಾಡಿಗೆ ತೋಟದ ಪಂಪುಗಳನ್ನು ರಿಪೇರಿ ಮಾಡಿದರು. ಕೆಲವು ತಿಂಗಳ ಮೇಲೆ ನಾನು ಅಲ್ಲಿಗೆ ಹೋದಾಗ ಒಳಗೆ ಮರದ ಅಸ್ಥಿಪಂಜರದಂಥದ್ದೊಂದು ಎದ್ದುನಿಂತಿತ್ತು. ಪಕ್ಕದಲ್ಲಿ, ಮದರಾಸಿನಲ್ಲಿ ಯುದ್ಧದ ಹಳೇ ಸಾಮಾನು ಮಾರುವವರಿಂದ ತಂದ ನಾಲ್ಕು ಸಿಲಿಂಡರಿನ ಇಂಜಿನ್ನು.

"ಇದೆಂತ ಮೇದಪ್ಪಣ್ಣ?"

"ವಿಮಾನ ಮಾರಾಯ್ರೆ. ಕಣ್ಣು ಕಾಣುದಿಲ್ವಾ?"

"ವಿಮಾನ ಯಾಕೆ?"

"ಬಸ್ಸಿನ ಪೈಪು ಬಿಟ್ರೆ ಬಸ್ಸು ನಿಲ್ತದೆ. ಇದರ ಪೈಪು ಬಿಟ್ರೆ ನಾನೇ ಬೀಳುದು. ನಾನು ಬಿಗಿದ ಪೈಪಿನ ಮೇಲೆ ನಾನೇ ಕೂತು ಅವನ ಬಸ್‌ಸ್ಟ್ಯಾಂಡಿನ ಮೇಲೆ ಮೂರು ಸುತ್ತು ಹಾಕ್ತೇನೆ. ಆಮೇಲೆ ಲೂಸು ಅಂತ ಹೇಳ್ಲಿ ನೋಡುವ."

ಕೊಯಿಲವನ್ನು ಅವರು ಆರಿಸಿಕೊಂಡದ್ದು ಅಲ್ಲಿನ ಹುಲ್ಲುಗಾವಲಿಗಾಗಿ. ದನ ಮೇಯುವ ಆ ಬಯಲು ಓಡುದಾರಿಗೆ ಸಾಕು ಎಂದು ಅಳೆದಿಟ್ಟಿದ್ದರು.

ಎಣ್ಣೆಯ ಪೈಪು ಕೂರಿಸಿದ ದಿನ ನಾನಿದ್ದೆ. ಕತ್ತರಿಸುವ ಜಾಗಕ್ಕೆ ಬಟ್ಟೆಯ ಪಟ್ಟಿ ಸುತ್ತಿ, ಸಣ್ಣ ಹಲ್ಲಿನ ಗರಗಸದಿಂದ ನೇರ ಕೊಯ್ದರು. ಒಳಗಿನ ರಬ್ಬರಿನ ಪುಡಿ ಹೋಗುವವರೆಗೆ ತೊಳೆದು, ಊದಿ, ಬೆಳಕಿಗೆ ಹಿಡಿದು ಒಂದು ಕಣ್ಣಿನಿಂದ ನೋಡಿದರು. ಲೋಹದ ಟೊಪ್ಪಿಯನ್ನು ತುದಿಗೆ ಇಟ್ಟು ಎಡಕ್ಕೆ ತಿರುಗಿಸಿ ಕೂರಿಸಿದರು. ತಳ ಮುಟ್ಟಿದ ಮೇಲೆ ಒಂದಿಷ್ಟು ಹಿಂದಕ್ಕೆ ತಂದರು. ಆಮೇಲೆ ಅದರ ನಡುವೆ ಕೂರುವ ಪೊಳ್ಳು ತುಂಡಿಗೆ ಎಣ್ಣೆ ಸವರಿ ಒಳಗೆ ತಿರುಗಿಸಿದರು. ಸೋರದಂತೆ ಸುತ್ತುವ ನೂಲಿಲ್ಲ, ಮೆತ್ತುವ ಬಣ್ಣವಿಲ್ಲ, ಮೇಣವಂತೂ ಇಲ್ಲವೇ ಇಲ್ಲ. ಇಂಜಿನ್ನಿಗೆ ಜೋಡಿಸುವಾಗ ಎರಡು ಸ್ಪ್ಯಾನರು: ಒಂದು ಹಿಡಿಯಲಿಕ್ಕೆ, ಒಂದು ತಿರುಗಿಸಲಿಕ್ಕೆ. ಕೊನೆಯ ಬಿಗಿತಕ್ಕೆ ಬಂದಾಗ ಅವರ ಮುಖ ಮಲಗಿದ ಮಗುವಿನಂತೆ ಶಾಂತವಾಯಿತು.

"ಇನ್ನೂ ಸ್ವಲ್ಪ ಬಿಗೀಬಹುದಲ್ವಾ?" ಎಂದೆ.

"ಬೇಡ. ಸಿಟ್ಟಲ್ಲಿ ಬಿಗಿದ್ರೆ ಫಿಟ್ಟಿಂಗ್ ಒಡೀತದೆ. ಸ್ಪ್ಯಾನರಿಗೆ ಕೋಪ ತೋರಿಸ್ಬಾರ್ದು, ಪೇಪರಿನವ್ರೇ. ಕೋಪ ಧಣಿಗೆ ಇಟ್ಟಿದ್ದೇನೆ."

ವಿಮಾನ ಹಾರಲಿಲ್ಲ. ಬಯಲಿನಲ್ಲಿ ಓಡಿಸಿ ನೋಡುವುದಕ್ಕೆ ಮೊದಲೇ ಧಣಿ ಮೇಲಿನವರೆಗೆ ದೂರು ಮುಟ್ಟಿಸಿದ್ದ. ಅನುಮತಿ ಇಲ್ಲದ ವಿಮಾನ ನೆಲ ಬಿಡಬಾರದು ಎಂದು ಪೊಲೀಸರು ಬಂದು ಹೇಳಿಹೋದರು. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಮೇದಪ್ಪಣ್ಣ ರೆಕ್ಕೆಯ ಮೊಳೆ ಕೀಳುತ್ತಿದ್ದರು.

"ನೆಲ ಬಿಡ್ಬಾರ್ದು ಅಂತ ತಾನೇ ಹೇಳಿದ್ದು? ಬಿಡುದಿಲ್ಲ."

ಮುಂದಿನ ಸಂತೆಯ ದಿನ ಪುತ್ತೂರಿನ ಬಸ್‌ಸ್ಟ್ಯಾಂಡಿಗೆ ಒಂದು ಲಾರಿ ಬಂತು. ಹಿಂಬದಿಯಲ್ಲಿ ಮರದ ಚೌಕಟ್ಟಿಗೆ ಬಿಗಿದ ಇಂಜಿನ್ನು, ಅದಕ್ಕೆ ಪ್ರೊಪೆಲ್ಲರು, ಕೆಳಗೆ ಮೊಳೆ ಹೊಡೆದು ಹಾಸಿದ ಬಿಳಿ ಮುಂಡು ಪಂಚೆ. ಸುತ್ತಲೂ ಹಗ್ಗ ಕಟ್ಟಿ, ಗಾಳಿ ನೇರ ಧಣಿಯ ಕಚೇರಿಯ ಬಾಗಿಲಿಗೆ ಬೀಸುವಂತೆ ಲಾರಿ ನಿಲ್ಲಿಸಿದರು. ಇಂಜಿನ್ನು ಹೊತ್ತಿಕೊಂಡಿತು. ಕಚೇರಿಯೊಳಗಿನ ಟಿಕೆಟ್ಟುಗಳು ಕೊಕ್ಕರೆ ಹಿಂಡಿನಂತೆ ಎದ್ದವು. ಕ್ಯಾಲೆಂಡರಿನ ದೇವರು ಗೋಡೆ ಬಿಟ್ಟ. ಧಣಿಯ ಶಾಲು ಕಿಟಕಿಯಿಂದ ಹೊರಬಂದು ಒಣಮೀನಿನ ಬುಟ್ಟಿಯ ಮೇಲೆ ಕೂತಿತು.

"ಒಂದು ಹನಿ ಎಣ್ಣೆ ಮುಂಡಿಗೆ ಬಿದ್ರೆ ಹೇಳಿ!" ಎಂದು ಮೇದಪ್ಪಣ್ಣ ಜನರಿಗೆ ಕೂಗುತ್ತಿದ್ದರು.

ಧಣಿ ಪೊಲೀಸರನ್ನು ಕರೆಸಿದ. ಬಂದ ಇನ್‌ಸ್ಪೆಕ್ಟರು ಟೊಪ್ಪಿ ಒತ್ತಿ ಹಿಡಿದು ಲಾರಿಗೆ ಒಂದು ಸುತ್ತು ಬಂದು, "ಇದು ಹಾರ್ತಾ ಇಲ್ಲವಲ್ಲ" ಎಂದು ಹೋದರು. ನಾನು ಅದನ್ನು ಹಾಗೆಯೇ ಬರೆದು ಕಳಿಸಿದೆ. ಪತ್ರಿಕೆ ಹಾಗೆಯೇ ಹಾಕಿತು.

ಮತ್ತಿನ ಸಂತೆಗೆ ಸುಳ್ಯದಿಂದಲೂ ಜನ ನೋಡಲು ಬಂದರು. ಇಂಜಿನ್ನು ಭೋರ್ಗರೆಯುತ್ತಿರುವಾಗ ಧಣಿ ಎರಡೂ ಕೈಯಲ್ಲಿ ಪಂಚೆ ಹಿಡಿದುಕೊಂಡು ಹೊರಬಂದ. ಲಾರಿಯ ಬಳಿ ಬಂದು ತುಟಿ ಅಲ್ಲಾಡಿಸಿದ. ಏನೂ ಕೇಳಿಸಲಿಲ್ಲ. ಮೇದಪ್ಪಣ್ಣನಿಗೆ ಅರ್ಥವಾಗಿತ್ತು, ಅವರು ಇಂಜಿನ್ನು ನಿಲ್ಲಿಸಿದರು. ಪ್ರೊಪೆಲ್ಲರ್ ಪೂರ್ತಿ ನಿಲ್ಲುವವರೆಗೂ ಕಾದರು. ಬಸ್‌ಸ್ಟ್ಯಾಂಡಿನಲ್ಲಿ ಆಗ ಕೋಳಿಮರಿಯ ಸದ್ದೂ ಕೇಳುವಂತಿತ್ತು.

"ಈಗ ಹೇಳಿ ಧಣಿಗಳೇ. ಗಂಟಲಿಗೆ ಕಷ್ಟ ಬೇಡ."

"ಪೈಪು... ಲೂಸು ಇರ್ಲಿಲ್ಲ."

"ಮತ್ತೆಂತ ಇತ್ತು?"

"ಮೇಣ."

"ಮೆತ್ತಿದ್ದು ಯಾರು?"

ಧಣಿ ನೆಲ ನೋಡಿದ. "ನನ್ನ ಭಾವಮೈದುನ."

ಮುಂಡಿನಲ್ಲಿ ಒಂದು ಹನಿಯೂ ಇರಲಿಲ್ಲ. ಧಣಿ ಅಲ್ಲಿಯೇ, ತಗ್ಗಿದ ದನಿಯಲ್ಲಿ, ನಾಳೆಯಿಂದಲೇ ಕೆಲಸಕ್ಕೆ ಬಾ ಎಂದ. "ಬರ್ತೇನೆ" ಎಂದರು ಮೇದಪ್ಪಣ್ಣ. ಹೋಗಲಿಲ್ಲ. ಬೇರೆ ಎಲ್ಲ ಧಣಿಗಳ ಬಸ್ಸುಗಳು ಕೊಯಿಲದ ಕೊಟ್ಟಿಗೆಗೆ ಬರತೊಡಗಿದವು. ಈ ಧಣಿಯ ಬಸ್ಸುಗಳಿಗೆ ಮಾತ್ರ, ಅವನು ಕಾಯುತ್ತಲೇ ಇದ್ದಷ್ಟು ವರ್ಷವೂ, ಉತ್ತರ ಒಂದೇ: "ನಾಳೆ ಬರ್ತೇನೆ ಅಂತ ಹೇಳಿ."

ಅರವತ್ತರ ದಶಕದ ಕೊನೆಗೆ ಅವರಿಗೆ ಎದೆರೋಗ ಬಂತು. ನಾನು ನೋಡಲು ಹೋದ ದಿನ ಬೆಳಿಗ್ಗೆಯಷ್ಟೇ ಪುತ್ತೂರಿನಲ್ಲಿ ಧಣಿ ತೀರಿಕೊಂಡಿದ್ದ. ಅದನ್ನು ಅವರಿಗೆ ಹೇಳಿದೆ. ಮಂಚದಲ್ಲಿ ಒರಗಿದ್ದ ಮೇದಪ್ಪಣ್ಣ ದಡಕ್ಕನೆ ಎದ್ದು ಕುಳಿತರು. ಮುಖದಲ್ಲಿ ಸಂತೋಷ ಇರಲಿಲ್ಲ, ದುಃಖವೂ ಇರಲಿಲ್ಲ. ಬಸ್ಸು ತಪ್ಪಿದವರ ಗಾಬರಿ ಇತ್ತು.

"ನನಗಿಂತ ಮೊದಲೇ ಹೋದ್ನಾ?"

"ಹೌದು ಮೇದಪ್ಪಣ್ಣ."

"ಹಾಳಾಯ್ತು ಮಾರಾಯ್ರೆ. ಪೈಪು ಲೂಸು ಇತ್ತು ಅಂತ ಅಲ್ಲಿ ಎಲ್ಲರಿಗೂ ಹೇಳಿ ಆಗಿರ್ತದೆ." ಉಸಿರು ಎಳೆದುಕೊಂಡು ನನ್ನ ಕೈ ಹಿಡಿದರು. "ಇಲ್ಲಿ ಹೇಗೋ ಬಾಯಿ ಬಿಡಿಸಿದೆ. ಅಲ್ಲಿ ನನಗೆ ಇಂಜಿನ್ ಯಾರು ಕೊಡ್ತಾರೆ?"

ಅದೇ ವಾರ ಅವರೂ ಹೊರಟರು.