ಗ್ಯಾಪ್ ಇದ್ದವರಿಗೆ ಬಾಗಿಲಿಲ್ಲ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗಿನ ಮಾತು. ಪುಣೆಯ ಯೆರವಡಾದ ಐಟಿ ಪಾರ್ಕ್ ಒಂದರಲ್ಲಿ ನಾನು ಟೆಸ್ಟಿಂಗ್ ಮ್ಯಾನೇಜರ್ ಆಗಿದ್ದೆ. ಸಾಫ್ಟ್‌ವೇರ್ ಗ್ರಾಹಕರ ಕೈಗೆ ಹೋಗುವ ಮೊದಲು ಅದರೊಳಗಿನ ತಪ್ಪು ಹುಡುಕುವುದು ನಮ್ಮ ಕೆಲಸ. ಇಪ್ಪತ್ತಾರು ವರ್ಷ ಬೇರೆಯವರ ಕೆಲಸಕ್ಕೆ ಕೊಂಕು ತೆಗೆದೇ ಬದುಕಿದವಳು ನಾನು. ಪ್ರೋಗ್ರಾಮಿನಲ್ಲಿ ಯಾವ ಷರತ್ತು ಕಂಡರೂ ‘ಇದನ್ನು ಬರೆದವರು ಯಾರು? ಯಾಕೆ ಬರೆದರು?’ ಎಂದು ಕೇಳದೆ ಬಿಡುತ್ತಿರಲಿಲ್ಲ. ಹುಡುಗರು ಬೆನ್ನ ಹಿಂದೆ ನನ್ನನ್ನು ಮರಾಠಿಯಲ್ಲಿ ‘ಫೌಜದಾರ್ ಬಾಯಿ’, ಅಂದರೆ ಪೊಲೀಸಮ್ಮ, ಎನ್ನುತ್ತಿದ್ದರು.

ಆ ವರ್ಷ ರಜೆ ಹಾಕಿ ಮೂರು ವಾರ ಕೀನ್ಯಾಕ್ಕೆ ಹೋದೆ. ನೈರೋಬಿಯ ಹೊರವಲಯದ ಒಂದು ವಿಶ್ವವಿದ್ಯಾಲಯದಲ್ಲಿ, ಕೊನೆಯ ವರ್ಷದ ನಲವತ್ತು ವಿದ್ಯಾರ್ಥಿಗಳಿಗೆ ಐಟಿ ಉದ್ಯೋಗದ ಬಗ್ಗೆ ತಿಳಿಸಿಕೊಡುವ ಸ್ವಯಂಸೇವೆ. ಮೊದಲ ದಿನ ಬಸ್ ಟಿಕೆಟಿನ ಆ್ಯಪ್ ಒಂದನ್ನು ಕೊಟ್ಟು ತಪ್ಪು ಹುಡುಕಿ ಎಂದೆ. ಬೇಕೆಂದೇ ಆರು ತಪ್ಪು ಅಡಗಿಸಿಟ್ಟಿದ್ದೆ. ವಾಂಜಿರು ಎಂಬ ಹುಡುಗಿ ಏಳು ಹಿಡಿದಳು. ಏಳನೆಯದು ನನಗೇ ಗೊತ್ತಿರಲಿಲ್ಲ! ನಗರದ ಒಂದು ಕಂಪನಿ ಆ ವಿಶ್ವವಿದ್ಯಾಲಯದಿಂದ ಟೆಸ್ಟಿಂಗಿಗೆ ಒಬ್ಬರನ್ನು ಇಂಟರ್ನ್ ಆಗಿ ತೆಗೆದುಕೊಳ್ಳುವುದಿತ್ತು. ಎರಡನೆಯ ವಾರದ ಶುಕ್ರವಾರ ಅರ್ಜಿಗೆ ಕೊನೆಯ ದಿನ. ಆ ಜಾಗ ಇವಳದೇ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ.

ಅದೇ ವಾರದ ಬುಧವಾರ ಸಂದರ್ಶನದ ತಯಾರಿ. ಪುಣೆಯ ಶಿವಾಜಿನಗರದ ಕಾಲೇಜು ಮಕ್ಕಳಿಗೆ ವರ್ಷ ವರ್ಷ ತೋರಿಸುತ್ತಿದ್ದ ಸ್ಲೈಡುಗಳನ್ನೇ ಒಂದಕ್ಷರ ಬದಲಿಸದೆ ಹಾಕಿದೆ. ಒಂದರಲ್ಲಿ ಹೀಗಿತ್ತು: ಓದಿನ ನಡುವೆ ಒಂದು ವರ್ಷವೂ ಗ್ಯಾಪ್ ಇರಬಾರದು. ನಮ್ಮಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತು. ಓದು ನಿಲ್ಲಿಸಿ ಮತ್ತೆ ಶುರು ಮಾಡಿದವರ ಅರ್ಜಿಯನ್ನು ಕಂಪ್ಯೂಟರೇ ಬದಿಗೆ ತಳ್ಳುತ್ತದೆ, ಮನುಷ್ಯರ ಕಣ್ಣಿಗೆ ಅದು ಬೀಳುವುದೇ ಇಲ್ಲ. ‘ಗ್ಯಾಪ್ ಇದ್ದವರಿಗೆ ಬಾಗಿಲಿಲ್ಲ. ಸುಮ್ಮನೆ ಸಮಯ ಹಾಳು ಮಾಡಬೇಡಿ’ ಎಂದು ಖಡಕ್ಕಾಗಿ ಹೇಳಿ ಮುಂದಿನ ಸ್ಲೈಡಿಗೆ ಹೋದೆ.

ಸೋಮವಾರ ಅರ್ಜಿ ಹಾಕಿದವರ ಪಟ್ಟಿ ಬಂತು. ವಾಂಜಿರು ಹೆಸರಿಲ್ಲ! ನನಗೆ ಸಿಟ್ಟು ನೆತ್ತಿಗೇರಿತು. ಕರೆಸಿ, ‘ಇಷ್ಟೊಂದು ಸೋಮಾರಿತನವೇ?’ ಎಂದು ಬೈದೆ.

ಅವಳು ನೋಟ್‌ಬುಕ್ ತೆರೆದಳು. ನನ್ನ ಮಾತನ್ನೇ ಬರೆದುಕೊಂಡು ಕೆಳಗೆ ಗೆರೆ ಎಳೆದಿದ್ದಳು. ‘ಅಮ್ಮನಿಗೆ ಲಕ್ವ ಹೊಡೆದಿತ್ತು, ಮೇಡಂ. ಎರಡು ವರ್ಷ ಓದು ಬಿಟ್ಟು ನೋಡಿಕೊಂಡೆ. ಸಮಯ ಹಾಳು ಮಾಡಬೇಡಿ ಎಂದು ನೀವೇ ಹೇಳಿದಿರಿ.’

ಪಕ್ಕದಲ್ಲಿದ್ದ ಅಲ್ಲಿನ ಅಧ್ಯಾಪಕರು ಬೆರಗಾದರು. ‘ಆ ಕಂಪನಿ ಇದನ್ನೆಲ್ಲ ಕೇಳುವುದೇ ಇಲ್ಲವಲ್ಲ! ಈ ನಿಯಮ ಎಲ್ಲಿಯದು?’

ಕಂಪನಿಗೆ ಫೋನ್ ಮಾಡಿದೆ. ಎರಡು ಸಲ ಖುದ್ದಾಗಿ ಹೋಗಿ ಬೇಡಿಕೊಂಡೆ. ಅವರು ಚಹಾ ಕೊಟ್ಟರು, ಮರ್ಯಾದೆ ಕೊಟ್ಟರು, ಗಡುವು ಮಾತ್ರ ಸಡಿಲಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಿಮಾನದಲ್ಲಿ ಕೂತು ದಾರಿಯುದ್ದಕ್ಕೂ ಆ ನಿಯಮ ಮಾಡಿದವನನ್ನು ಶಪಿಸಿದೆ.

ಪುಣೆಗೆ ಬಂದವಳೇ ಎಚ್‌ಆರ್ ವಿಭಾಗದ ಬಸವರಾಜನ ಮೇಜಿನ ಮುಂದೆ ನಿಂತೆ. ಹುಬ್ಬಳ್ಳಿಯವನು. ಆಫೀಸಿನಲ್ಲಿ ಎಲ್ಲರ ಜೊತೆ ಮರಾಠಿ, ನನ್ನ ಜೊತೆ ಮಾತ್ರ ಕನ್ನಡ.

‘ಬಸವರಾಜ, ಈ ಗ್ಯಾಪಿನ ರೂಲ್ ಯಾವ ಶಾಣ್ಯಾ ಮಾಡ್ಯಾನಪಾ? ಹೆಸರು ಹೇಳು.’

ಅವನು ಹಳೆಯ ಮೇಲ್‌ಗಳನ್ನು ಹುಡುಕಿದ. ನಗು ಬಂದದ್ದನ್ನು ನುಂಗಿಕೊಂಡ. ‘ಅಕ್ಕಾವ್ರ, ಸಿಟ್ಟಾಗಬ್ಯಾಡ್ರಿ. ನೀವ ಬರದೀರಿ. ಒಂಬತ್ತು ವರ್ಷ ಆತು. ನೋಡ್ರಿಲ್ಲೆ: ಅರ್ಜಿ ಭಾಳ ಬಂದಾವ, ನಾಳೆನ ಇಂಟರ್‌ವ್ಯೂ ಅದ, ಈ ಸಲಕ್ಕಷ್ಟ ಗ್ಯಾಪ್ ಇದ್ದವರನ್ನ ಬಿಡ್ರಿ ಅಂತ.’

ಓದಿದೆ. ಇಂಗ್ಲಿಷಿನ ಎರಡು ಸಾಲು, ಕೆಳಗೆ ನನ್ನ ಹೆಸರು. ಈ ಸಲಕ್ಕಷ್ಟೇ! ಆ ಸಲ ಮುಗಿದ ಮೇಲೆ ಅದನ್ನು ತೆಗೆಯಿರಿ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ತಿರುಗಿ ನಾನೇ ಅದನ್ನು ಉದ್ಯಮದ ಕಾನೂನೆಂದು ನಂಬಿ, ಸ್ಲೈಡ್ ಮಾಡಿಕೊಂಡು ಊರೂರು ತಿರುಗಿದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪರರ ತಟ್ಟೆಯ ನೊಣ ಹುಡುಕಿದಂತಾಯಿತು ನನ್ನ ಇಪ್ಪತ್ತಾರು ವರ್ಷದ ಜಾಣತನ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ರೇಗಿತು.

ಅದನ್ನು ತೆಗೆಸಲು ಮೇಲಿನವರ ಜೊತೆ ನಾಲ್ಕು ವಾರ ಗುದ್ದಾಡಿದೆ. ಒಪ್ಪಿಗೆ ಸಿಕ್ಕ ದಿನ ಬಸವರಾಜ ಮಾಡಿದ್ದು ಕಂಪ್ಯೂಟರಿನಲ್ಲಿ ಒಂದು ಟಿಕ್ ಗುರುತನ್ನು ಅಳಿಸಿದ್ದು, ಅಷ್ಟೇ.

ಬೇರೆಯವರ ಮಕ್ಕಳ ಮುಂದೆ ನಿಂತು ‘ಲೋಕ ಇರುವುದೇ ಹೀಗೆ’ ಎನ್ನುವ ಮೊದಲು, ಹಾಗೆಂದು ಬರೆದವರು ಯಾರು ಎಂದು ಕೇಳಿಕೊಳ್ಳಬೇಕು. ಕೆಲಸ ಕಲಿಸಿದ ಪಾಠ ಇದು, ತಡವಾಗಿ ಕಲಿತೆ.

ವಾಂಜಿರುಗೆ ಎಲ್ಲವನ್ನೂ ಬರೆದು ಕ್ಷಮೆ ಕೇಳಿದೆ. ಬೇರೆ ಕಡೆ ಪ್ರಯತ್ನಿಸುತ್ತೇನೆ ಎಂದು ಉತ್ತರಿಸಿದಳು. ಕೊನೆಗೆ ಒಂದು ಪ್ರಶ್ನೆ ಇತ್ತು: ‘ಅವತ್ತು ನಿಮ್ಮ ಮಾತು ಕೇಳಿ ಇನ್ನಿಬ್ಬರು ಅರ್ಜಿ ಹಾಕಲಿಲ್ಲ, ಮೇಡಂ. ಅವರಿಗೂ ಹೇಳುತ್ತೀರಾ?’

ಹೆಸರು ಕೇಳಿ ತಿಳಿದು ಇಬ್ಬರಿಗೂ ಬರೆದೆ. ಒಬ್ಬ ಉತ್ತರ ಬರೆದ. ಇನ್ನೊಬ್ಬಳು ಓದು ಬಿಟ್ಟು ಊರಿಗೆ ಹೋಗಿದ್ದಾಳಂತೆ. ಅವಳ ನಂಬರ್ ಯಾರ ಬಳಿಯೂ ಇಲ್ಲ.