ಸೋಮವಾರದ ರಸ್ತೆ

ತಗಡಿನ ಮೇಲೆ ಸುತ್ತಿಗೆ ಬೀಳುವ ಸದ್ದಿಗೆ ಕೌಲ್ ಬಜಾರ್ ಏಳುತ್ತಿತ್ತು. ಓಣಿಯ ತುದಿಯಲ್ಲಿ ಟ್ರಂಕು ಮಾಡುವವರ ಅಂಗಡಿ. ಮೊದಲೆಲ್ಲ ಗಾಳೆಪ್ಪನಿಗೆ ಸುತ್ತಿಗೆ ಹಿಡಿದ ಕೈ ತನ್ನ ಬಾಗಿಲಿನಿಂದಲೇ ಕಾಣುತ್ತಿತ್ತು. ಆಮೇಲೆ ಅಂಗಡಿಯಷ್ಟೇ ಕಾಣತೊಡಗಿತು. ಈ ಬೇಸಿಗೆಯಲ್ಲಿ ಅಂಗಡಿಯಿದ್ದ ಕಡೆ ನೀರು ಬೆರೆಸಿದ ಹಾಲಿನಂಥ ಬೆಳಕೊಂದೇ ಉಳಿದಿತ್ತು. ಸದ್ದು ಮಾತ್ರ ಮೊದಲಿನ ಹಾಗೆಯೇ ಬರುತ್ತಿತ್ತು.

ಗಾಳೆಪ್ಪ ಕುರುಗೋಡಿನ ಮರಿಬಸಪ್ಪ ಸಾಹುಕಾರರ ಡ್ರೈವರ್. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯಿದ್ದ ಸಾಹುಕಾರರು ಒಂದು ಕಾಲಕ್ಕೆ ಹೈದರಾಬಾದಿನ ಜಾಗೀರ್ದಾರರೊಬ್ಬರ ಮನೆಯಿಂದ ಇಂಗ್ಲೆಂಡಿನ ಕಾರೊಂದನ್ನು ತಂದಿದ್ದರು. ಎರಡೇ ಬಾಗಿಲು, ಉದ್ದನೆಯ ಮೂತಿ, ಬಲಿತ ಮಾವಿನೆಲೆಯ ಹಸಿರು, ಒಳಗೆ ಕನ್ನಡಿಯ ಹಾಗೆ ಹೊಳೆಯುವ ಮರ. ದೂರದ ಊರುಗಳಿಗೆ ಗಾಳಿ ಸೀಳಿಕೊಂಡು ಹೋಗಲೆಂದೇ ಮಾಡಿದ ಗಾಡಿ. ಅದು ಗಾಳೆಪ್ಪನ ಮನೆಯ ಪಕ್ಕದ ಶೆಡ್ಡಿನಲ್ಲಿರುತ್ತಿತ್ತು. ಎಲ್ಲಿಗೂ ಹೋಗದ ದಿನವೂ ಅವನು ಇಂಜಿನ್ ಎಬ್ಬಿಸಿ, ತಲೆ ವಾಲಿಸಿ ಅದರ ಉಸಿರು ಕೇಳಿ, ಹಳೆಯ ಪಂಚೆಯ ತುಂಡಿನಿಂದ ಮೈಯೆಲ್ಲ ಒರೆಸುತ್ತಿದ್ದ. "ನನ್ನ ಬೆನ್ನು ಒಂದಿನಾನೂ ಹಿಂಗ ತಿಕ್ಕಲಿಲ್ಲ ನೀನು" ಎಂದು ಹೆಂಡತಿ ಪಕ್ಕೀರಮ್ಮ ಛೇಡಿಸುತ್ತಿದ್ದಳು.

ಕಣ್ಣಿನ ವಿಷಯ ಅವಳೊಬ್ಬಳಿಗೇ ಗೊತ್ತಿತ್ತು. ಕಣ್ಣ ಮುಂದಿನ ಮಂಜು ಹೆಚ್ಚಿದಂತೆಲ್ಲ ಗಾಳೆಪ್ಪ ಕಾರನ್ನು ನಿಧಾನ ಮಾಡುತ್ತಾ ಬಂದಿದ್ದ. ಸೈಕಲ್ಲಿನವರು ಬೆಲ್ ಬಾರಿಸಿ ಮುಂದೆ ಹೋಗುತ್ತಿದ್ದರು. ಪಕ್ಕದಲ್ಲಿ ಕೂತ ಮರಿಬಸಪ್ಪನವರು ಅದನ್ನು ಜಾಗ್ರತೆಯೆಂದುಕೊಂಡು, "ನಮ್ಮ ಗಾಳೆಪ್ಪ ಕಾರು ಓಡ್ಸಂಗಿಲ್ಲ, ತೊಟ್ಲ ತೂಗ್ತಾನ" ಎಂದು ಗಿರಣಿಗೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಆ ನಗು ಕೇಳಿದಾಗಲೆಲ್ಲ ಗಾಳೆಪ್ಪ ಕಣ್ಣಿನ ವಿಷಯ ಹೇಳಿಬಿಡಲೇ ಎಂದುಕೊಳ್ಳುತ್ತಿದ್ದ. ಹೇಳಿದರೆ ಸ್ಟೀರಿಂಗ್ ಕೈಬಿಟ್ಟು ಹೋಗುತ್ತದೆ, ಅದಿಲ್ಲದೆ ತಾನು ಯಾರೆಂದು ಅವನಿಗೆ ತಿಳಿಯದು. ಹೇಳದಿದ್ದರೆ ಒಂದಲ್ಲ ಒಂದು ದಿನ ಯಾರೋ ಚಕ್ರದ ಕೆಳಗೆ ಬರುತ್ತಾರೆ.

ಪೆಟ್ರೋಲ್ ಒಮ್ಮೆಲೇ ತುಟ್ಟಿಯಾದ ಆ ವರ್ಷ ಸಾಹುಕಾರರು ಕಾರು ಮಾರುವ ಮನಸ್ಸು ಮಾಡಿದರು. ಗಾಳೆಪ್ಪನಿಗೆ ದುಃಖಕ್ಕಿಂತ ಮೊದಲು ಸಮಾಧಾನವಾಯಿತು. ಕಾರು ಹೋದರೆ ಯಾರಿಗೂ ಏನೂ ಹೇಳಬೇಕಿಲ್ಲ. ಗಿರಣಿಯ ಗೇಟಿನಲ್ಲಿ ಕೂತು, ಒಳ್ಳೆಯ ಡ್ರೈವರಾಗಿದ್ದ ಎನಿಸಿಕೊಂಡೇ ಮುದುಕನಾಗಬಹುದು. ಆದರೆ ನೋಡಲು ಬಂದ ಹೊಸಪೇಟೆಯ ಕಂತ್ರಾಟುದಾರ ಅಯ್ಯಣ್ಣ, ನಿಂತಾಗ ಎಲ್ಲ ಗಾಡಿಗಳೂ ಚಂದವೇ, ಇದರ ಓಟ ನೋಡಬೇಕು ಎಂದ. ಅದೂ ಇಷ್ಟು ವರ್ಷ ಸಾಕಿದ ಕೈಯೇ ಓಡಿಸಬೇಕಂತೆ. ದಿನವನ್ನು ಅವರು ಗಾಳೆಪ್ಪನಿಗೇ ಬಿಟ್ಟರು.

ಸೋಮವಾರ ಎಂದ ಗಾಳೆಪ್ಪ. ಸೋಮವಾರ ಬಸವಣ್ಣನ ವಾರ, ಆ ಸೀಮೆಯಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಸಿರುಗುಪ್ಪದ ರಸ್ತೆಯಲ್ಲಿ ಒಂದು ಬಂಡಿಯೂ ಇರುವುದಿಲ್ಲ. ಬಂಡಿಯಿಲ್ಲದ ರಸ್ತೆಯಲ್ಲಿ ಕುರುಡನೂ ಒಂದು ಸಲ ಜೋರಾಗಿ ಹೋಗಿ ಬರಬಹುದು ಎಂದು ಅವನು ಲೆಕ್ಕ ಹಾಕಿದ್ದ.

ಆ ಬೆಳಿಗ್ಗೆ ಪಕ್ಕೀರಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಹೇಳಿಬಿಡು ಅವರಿಗೆ."

"ಇದೊಂದಿನ. ಆಮ್ಯಾಲೆ ಗಾಡಿನ ಇರಂಗಿಲ್ಲ."

"ನಿನ್ನ ಜೀವ ನಿಂದು. ರಸ್ತ್ಯಾಗ ಇರೋರ ಜೀವ ಯಾರದು?"

ಅವನು ಅವಳ ಪಕ್ಕದಿಂದ ಹಾದುಹೋದ. ಹೋಗುವಾಗ ಕೈ ಬಾಗಿಲ ಚೌಕಟ್ಟನ್ನು ತಡವಿದ್ದನ್ನು ಅವಳು ನೋಡಿದಳು.

ಊರು ದಾಟಿದ ಮೇಲೆ ರಸ್ತೆ ಬಿಳಿಯ ಪಟ್ಟಿಯಾಯಿತು, ಎರಡೂ ಕಡೆ ಭತ್ತದ ಹಸಿರು ಮಸುಕಾಗಿ ಕರಗಿಹೋಯಿತು. ಅಯ್ಯಣ್ಣ ಪಕ್ಕದಲ್ಲಿ ಕೂತಿದ್ದ. ಸಾಹುಕಾರರು ಹಿಂದಿನ ಇಕ್ಕಟ್ಟಿನಲ್ಲಿ ಮಂಡಿ ಮಡಚಿಕೊಂಡು, ಬಿಡು ಗಾಳೆಪ್ಪ, ಇವತ್ತು ತೊಟ್ಟಿಲು ಸಾಕು ಎಂದರು. ಅವನು ಕಾಲು ಒತ್ತಿದ. ಇಷ್ಟು ದಿನ ಬಿಗಿಹಿಡಿದ ಉಸಿರನ್ನು ಕಾರು ಒಮ್ಮೆಲೇ ಬಿಟ್ಟಿತು. ಅದರ ಸುಖ ಅವನ ಅಂಗಾಲಿನಿಂದ ಬೆನ್ನಿಗೆ ಹತ್ತಿತು, ಅದರ ಹಿಂದೆಯೇ ಭಯವೂ. ಮುಂದೆ ಕಾಣುತ್ತಿದ್ದುದು ಬೆಳಕು ಮಾತ್ರ. ಅದರೊಳಗೆ ಏನಿದ್ದರೂ ಅವನ ಪಾಲಿಗೆ ಇರಲಿಲ್ಲ. ಕಿಟಕಿಯ ಗಾಜು ಏರಿಸು ಎಂದು ಅಯ್ಯಣ್ಣ ಸನ್ನೆ ಮಾಡಿದ್ದೂ ಅವನಿಗೆ ಕಾಣಲಿಲ್ಲ.

ತೆರೆದ ಆ ಕಿಟಕಿಯಿಂದ ಗಂಟೆಯ ಸದ್ದು ಬಂತು. ಕೊರಳ ಗಂಟೆಗಳು, ಒಂದರ ಮೇಲೊಂದು.

ನೊಗವಿಲ್ಲದ ದಿನ ಎತ್ತುಗಳು ಎಲ್ಲಿರುತ್ತವೆಂದು ಅವನು ಯೋಚಿಸಿಯೇ ಇರಲಿಲ್ಲ. ಮೈ ತೊಳೆಸಿಕೊಳ್ಳಲು ಕಾಲುವೆಗೆ ಹೋಗುತ್ತವೆ. ಕಾಲುವೆ ರಸ್ತೆಯ ಆಚೆಗಿತ್ತು.

ಅವನು ಬ್ರೇಕಿನ ಮೇಲೆ ಎದ್ದೇ ನಿಂತ. ಟೈರುಗಳು ಕಿರುಚಿದವು. ಕಾರು ನೇರವಾಗಿಯೇ ಜಾರಿ, ಮೂಗು ತಗ್ಗಿಸಿ ನಿಂತಿತು. ಧೂಳು ಇಳಿದಾಗ ಬಾನೆಟ್ಟಿನ ಮುಂದೆ, ಮುಟ್ಟುವಷ್ಟು ಹತ್ತಿರ, ಒಂದು ಬಿಳಿ ಎತ್ತು. ಅದರ ಹಿಂದೆ ಇನ್ನಷ್ಟು. ಅವುಗಳನ್ನು ಹೊಡೆದುಕೊಂಡು ಬಂದ ಮುದುಕ ಎತ್ತಿನ ಡುಬ್ಬದ ಮೇಲೆ ಕೈಯಿಟ್ಟು ನಿಂತಿದ್ದ.

ಮೂವರೂ ಇಳಿದರು. ಬಿಳಿಚಿದ್ದ ಅಯ್ಯಣ್ಣನ ಮುಖಕ್ಕೆ ಮೆಲ್ಲಗೆ ಬಣ್ಣ ಮರಳಿತು, ಆಮೇಲೆ ನಗು. ಇಂಥ ಬ್ರೇಕ್ ತಾನು ಕಂಡಿಲ್ಲ, ಗಾಡಿ ತನಗೇ ಎಂದ. ಬಾನೆಟ್ಟು ತಟ್ಟಿ, ಗಾಳೆಪ್ಪನ ಹೆಗಲಿಗೂ ಕೈ ಹಾಕಿದ.

"ಸಾಹುಕಾರ್ರ, ಗಾಡಿ ಜೊತಿ ಈ ಕೈನೂ ಕೊಡ್ರಿ. ನಮ್ಮ ಹುಡುಗೂರ್ನ ದಿನಾ ಸಾಲಿಗೆ ಇವನ ಬಿಟ್ಟು ಬರ್ಲಿ."

ಮರಿಬಸಪ್ಪನವರು ತಮ್ಮನ್ನೇ ಹೊಗಳಿದರೆಂಬಂತೆ ತಲೆದೂಗಿದರು. ಗಾಳೆಪ್ಪನ ಮನಸ್ಸಿಗೆ ಶಾಲೆಯ ರಸ್ತೆ ಕಂಡಿತು, ಗಂಟೆಯಿಲ್ಲದ ರಸ್ತೆ. ಅವನು ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟ.

"ಎತ್ತು ನನಗ ಕಾಣಲಿಲ್ಲರಿ. ಗಂಟಿ ಕೇಳಿ ನಿಲ್ಲಿಸ್ದೆ."

ಅಯ್ಯಣ್ಣ ಅವನ ಹೆಗಲ ಮೇಲಿನ ಕೈ ತೆಗೆದ.

"ಹುಡುಗೂರ ಕೊರಳಾಗ ಗಂಟಿ ಇರಂಗಿಲ್ರಿ, ಧಣಿ."

ಎಂದಿನಿಂದ ಎಂದು ಮರಿಬಸಪ್ಪನವರು ಕೇಳಿದರು. ಹೋದ ಸುಗ್ಗಿಯಿಂದ ಎಂದ. ಅವರು ತಾವು ಪಕ್ಕದಲ್ಲಿ ಕೂತು ನಕ್ಕ ದಾರಿಗಳನ್ನೆಲ್ಲ ನೆನೆದರೋ ಏನೋ, ಕಾರಿಗೆ ಕೈ ಊರಿ ನಿಂತರು. ಗಾಳೆಪ್ಪ ಹೆಗಲ ಮೇಲಿನ ಪಂಚೆಯ ತುಂಡು ತೆಗೆದು ಮಡಚಿ, ಕೀಲಿಯ ಪಕ್ಕ ಇಟ್ಟ. ಭಯ ಇನ್ನೂ ಮೈಯಲ್ಲೇ ಇತ್ತು, ಆದರೆ ಈಗ ಅದು ರಸ್ತೆಯಲ್ಲಿರುವವರ ಜೀವದ್ದಲ್ಲ, ಅವನೊಬ್ಬನ ಬದುಕಿನ ಭಯವಾಗಿತ್ತು. ಎತ್ತುಗಳು ಕಾಲುವೆಯ ಕಡೆ ಇಳಿಯುತ್ತಿದ್ದವು. ಅವನು ಅತ್ತ ಕಿವಿ ತಿರುಗಿಸಿ ಅಯ್ಯಣ್ಣನಿಗೆ ಹೇಳಿದ:

"ಮುಂಜಾನೆ ಇಂಜಿನ್ ಬೆಚ್ಚಗಾಗೋತನ ಅದನ್ನ ಎಲ್ಲೂ ಒಯ್ಯಬ್ಯಾಡ್ರಿ, ಧೂಳ ಒಣಾ ಬಟ್ಟಿಲೆ ತಿಕ್ಕಬ್ಯಾಡ್ರಿ, ಗೆರಿ ಬೀಳ್ತಾವ, ಮತ್ತ ಎಡಗಡೆ ಬಾಗಲಾ ಮೆಲ್ಲಕ..." ಎನ್ನುತ್ತಲೇ ಅವನು ಗಂಟೆಯ ಸದ್ದು ಹಿಡಿದು ನಡೆದುಬಿಟ್ಟ.